ಮಗು ‘ನೋವು’ ಅಂದರೆ ಮಾತ್ರೆಗಿಂತ ಮೊದಲು ನಾಲ್ಕು ಮಾತು ಕೇಳೋಣ

‘ಅವ್ವಾ, ತಲಿ ನೋಯಾಕತ್ತೈತಿ.’ ‘ಅಮ್ಮಾ, ಕಾಲು ನೋಯ್ತದೆ.’ ಬೀದರ್‌ನಿಂದ ಚಾಮರಾಜನಗರದವರೆಗೆ ಯಾವ ಊರಿಗೆ ಹೋದರೂ ಮಕ್ಕಳ ಬಾಯಲ್ಲಿ ಈ ಎರಡು ಮಾತು ಕೇಳುತ್ತವೆ. ದೊಡ್ಡವರ ಉತ್ತರವೂ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ‘ಶಾಲೆ ತಪ್ಪಿಸೋಕೆ ಕಳ್ಳಾಟ.’ ‘ಬೆಳೆಯೋ ಮಕ್ಕಳಿಗೆ ಹಂಗೇ.’ ‘ಮೊಬೈಲ್ ನೋಡಿ ನೋಡಿ ಬಂದದ್ದು.’ ‘ದೃಷ್ಟಿ ಆಗಿರಬೇಕು, ಉಪ್ಪು ಮೆಣಸಿನಕಾಯಿ ನಿವಾಳಿಸು.’ ಇದ್ಯಾವುದಕ್ಕೂ ಜಗ್ಗದಿದ್ದರೆ ಮೆಡಿಕಲ್ ಶಾಪಿನಿಂದ ಒಂದು ಮಾತ್ರೆ. ಅದಕ್ಕೂ ಹೋಗದಿದ್ದರೆ ಊರಿನ ಡಾಕ್ಟ್ರ ಹತ್ತಿರ ಒಂದು ಸೂಜಿ.

ಈ ಎಲ್ಲ ಉತ್ತರಗಳಲ್ಲೂ ಒಂದು ಕೊರತೆ ಇದೆ. ಯಾರೂ ಮಗುವನ್ನು ಏನೂ ಕೇಳಲೇ ಇಲ್ಲ.

ಅಳದಿದ್ದರೆ ತಾಯಿಯೂ ಹಾಲು ಕೊಡಳು ಅನ್ನುತ್ತೇವೆ. ಆದರೆ ನಾಲ್ಕು ಸಲ ನೋವು ಎಂದು ಹೇಳಿ ನಾಲ್ಕು ಸಲವೂ ಬೈಸಿಕೊಂಡ ಮಗು ಐದನೇ ಸಲ ಹೇಳುವುದಿಲ್ಲ. ಆ ಐದನೇ ಸಲದ ನೋವೇ ದೊಡ್ಡ ಕಾಯಿಲೆಯದ್ದಾಗಿದ್ದರೆ? ನಮ್ಮ ಆತಂಕ ಇಷ್ಟೇ. ಮಕ್ಕಳ ತಲೆನೋವು, ಕೈಕಾಲು ನೋವುಗಳಲ್ಲಿ ಬಹುಪಾಲು ಅಪಾಯದವಲ್ಲ, ನಿಜ. ಆದರೆ ಅಪಾಯದ್ದು ಯಾವುದು, ಅಲ್ಲದ್ದು ಯಾವುದು ಎಂದು ಬೇರ್ಪಡಿಸುವ ಕೆಲಸ ಸ್ಕ್ಯಾನಿಂಗ್ ಮಷೀನಿನಿಂದ ಶುರುವಾಗುವುದಿಲ್ಲ. ಸರಿಯಾದ ಪ್ರಶ್ನೆಗಳಿಂದ ಶುರುವಾಗುತ್ತದೆ. ಆ ಪ್ರಶ್ನೆಗಳನ್ನು ಅವ್ವ ಕೇಳಬಹುದು, ಟೀಚರ್ ಕೇಳಬಹುದು, ಆಶಾ ಕಾರ್ಯಕರ್ತೆ ಕೇಳಬಹುದು. ಡಾಕ್ಟರ್ ಅಂತೂ ಕೇಳಲೇಬೇಕು.

ತಲೆನೋವು ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ?

ಮಕ್ಕಳ ಡಾಕ್ಟರುಗಳು ‘ಎಷ್ಟು ನೋವು’ ಎಂಬುದಕ್ಕಿಂತ ‘ನೋವು ಹೇಗೆ ಬಂದು ಹೋಗುತ್ತದೆ’ ಎಂಬುದಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ. ಆಗೊಮ್ಮೆ ಈಗೊಮ್ಮೆ ಜೋರಾಗಿ ಬಂದು, ಪೂರ್ತಿ ಹೋಗಿ, ನಡುವಿನ ದಿನಗಳಲ್ಲಿ ಮಗು ಆಡಿಕೊಂಡಿದ್ದರೆ ಅದು ಒಂದು ಬಗೆ. ದಿನವೂ ತಲೆಗೆ ಬಟ್ಟೆ ಬಿಗಿದಂತೆ ಸಣ್ಣಗೆ ನೋಯುತ್ತಿದ್ದರೆ ಅದು ಇನ್ನೊಂದು. ಹೋದ ವಾರಕ್ಕಿಂತ ಈ ವಾರ ಹೆಚ್ಚು, ಈ ವಾರಕ್ಕಿಂತ ಮುಂದಿನ ವಾರ ಹೆಚ್ಚು ಎಂದು ಏರುತ್ತಾ ಹೋದರೆ ಅದು ಮೂರನೆಯದು. ತಡಮಾಡದೆ ಡಾಕ್ಟರಿಗೆ ತೋರಿಸಬೇಕಾದದ್ದು ಈ ಮೂರನೆಯದನ್ನು.

ಮೊದಲನೆಯದು ಬಹಳ ಸಲ ಮೈಗ್ರೇನ್. ನಮ್ಮ ಕಡೆ ಇದಕ್ಕೆ ‘ಪಿತ್ತದ ತಲೆನೋವು’ ಎಂಬ ಹೆಸರೂ ಇದೆ, ಯಾಕೆಂದರೆ ಜೊತೆಗೆ ವಾಂತಿ ಬರುತ್ತದೆ. ದೊಡ್ಡವರಿಗೆ ಅರ್ಧ ತಲೆ ನೋಯುತ್ತದೆ. ಮಕ್ಕಳಿಗೆ ಹೆಚ್ಚಾಗಿ ಹಣೆಯ ಎರಡೂ ಕಡೆ. ಬೆಳಕು ಬೇಡ, ಸದ್ದು ಬೇಡ, ಕತ್ತಲಲ್ಲಿ ಮಲಗಬೇಕು ಅನಿಸುತ್ತದೆ. ಒಂದು ನಿದ್ದೆ ತೆಗೆದು ಎದ್ದರೆ ಹಗುರ. ಕೇಳಿ ನೋಡಿದರೆ ತಾಯಿಗೋ ಅಜ್ಜಿಗೋ ಅದೇ ನೋವು ಇರುತ್ತದೆ. ಡಾಕ್ಟರ್ ಪರೀಕ್ಷೆ ಮಾಡಿ ಎಲ್ಲ ಸರಿ ಇದೆ ಎಂದರೆ ಈ ಮಗುವಿಗೆ ಸಾಮಾನ್ಯವಾಗಿ ಸ್ಕ್ಯಾನ್ ಬೇಕಿಲ್ಲ. ಹೊತ್ತಿಗೆ ಸರಿಯಾಗಿ ಊಟ, ನೀರು, ನಿದ್ದೆ ಬೇಕು. ನೋವು ಶುರುವಾದ ಕೂಡಲೇ ತೂಕಕ್ಕೆ ತಕ್ಕಷ್ಟು ಔಷಧಿ ಬೇಕು. ‘ನಾಟಕ ಆಡ್ತಾಳೆ’ ಎಂಬ ಮಾತು ಮಾತ್ರ ಬೇಡ.

‘ಕಣ್ಣು ತೋರಿಸಿ, ಕನ್ನಡಕ ಬಂದರೆ ಸರಿಹೋಗುತ್ತೆ’ ಎನ್ನುವುದೂ ನಮ್ಮಲ್ಲಿ ರೂಢಿ. ಕಣ್ಣು ತೋರಿಸಲೇಬೇಕು. ಬೋರ್ಡು ಕಾಣದೆ ಕಣ್ಣು ಕಿರಿದು ಮಾಡಿ ನೋಡುವ ಮಗುವಿಗೆ ತಲೆ ನೋಯಬಹುದು. ಆದರೆ ಕನ್ನಡಕ ಹಾಕಿದ ಮೇಲೂ ನೋವು ನಿಲ್ಲದಿದ್ದರೆ ಅಲ್ಲಿಗೇ ಕೈಬಿಡಬಾರದು. ಎಲ್ಲ ತಲೆನೋವಿಗೂ ಕಣ್ಣು ಕಾರಣವಲ್ಲ.

ಈ ಕೆಳಗಿನವು ಕಂಡರೆ ಕಾಯಬೇಡಿ:

- ಬೆಳಿಗ್ಗೆ ಏಳುವಾಗಲೇ ತಲೆನೋವು, ಜೊತೆಗೆ ವಾಂತಿ. ಅಥವಾ ನಿದ್ದೆಯಿಂದ ಎಬ್ಬಿಸುವ ನೋವು
- ದಿನದಿಂದ ದಿನಕ್ಕೆ ಏರುವ ನೋವು. ಕೆಮ್ಮಿದರೆ, ಬಗ್ಗಿದರೆ ಹೆಚ್ಚಾಗುವ ನೋವು
- ಜ್ವರ, ಜೊತೆಗೆ ಕತ್ತು ಬಗ್ಗಿಸಲು ಆಗದಿರುವುದು, ಮಂಪರು
- ಫಿಟ್ಸ್
- ಒಂದು ವಸ್ತು ಎರಡಾಗಿ ಕಾಣುವುದು, ಹೊಸದಾಗಿ ಮೆಳ್ಳೆಗಣ್ಣು, ನಡಿಗೆಯಲ್ಲಿ ತೂರಾಟ
- ಕೈಬರಹ ಕೆಡುವುದು, ಚುರುಕಾಗಿದ್ದ ಮಗು ಮಂಕಾಗುವುದು
- ತಲೆಗೆ ಪೆಟ್ಟು ಬಿದ್ದ ಮೇಲೆ ಬಂದ ನೋವು
- ಐದಾರು ವರ್ಷದೊಳಗಿನ ಮಗು ಪದೇ ಪದೇ ತಲೆ ಹಿಡಿದುಕೊಳ್ಳುವುದು

ಜ್ವರ-ಕತ್ತು ಬಿಗಿತ, ಮಂಪರು, ಫಿಟ್ಸ್ ಇದ್ದರೆ ಅದೇ ಗಳಿಗೆಯಲ್ಲಿ 108ಕ್ಕೆ ಫೋನ್ ಮಾಡಿ. ತಲೆಗೆ ಪೆಟ್ಟು ಬಿದ್ದು ವಾಂತಿ, ಮಂಪರು ಶುರುವಾದರೂ ಅಷ್ಟೇ.

ಉಳಿದ ಮಕ್ಕಳಿಗೆ ಒಂದು ಖರ್ಚಿಲ್ಲದ ಕೆಲಸ ಹೇಳುತ್ತೇವೆ. ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಒಂದು ತಿಂಗಳು ಬರೆದಿಡಿ. ಯಾವ ದಿನ, ಎಷ್ಟು ಹೊತ್ತಿಗೆ ನೋವು ಬಂತು, ಎಷ್ಟು ಹೊತ್ತು ಇತ್ತು. ಅಂದು ಬೆಳಿಗ್ಗೆ ಏನು ತಿಂದಿತ್ತು, ಹಿಂದಿನ ರಾತ್ರಿ ಎಷ್ಟು ಮಲಗಿತ್ತು, ಯಾವ ಮಾತ್ರೆ ಕೊಟ್ಟಿರಿ. ದೊಡ್ಡ ಹುಡುಗಿಯಾಗಿದ್ದರೆ ಮುಟ್ಟಿನ ದಿನವನ್ನೂ ಬರೆಯಲಿ. ಈ ಹಾಳೆ ಹಿಡಿದು ಡಾಕ್ಟರ ಮುಂದೆ ಕೂತರೆ ಅರ್ಧ ಕಾಯಿಲೆ ಅದರಲ್ಲೇ ಗೊತ್ತಾಗುತ್ತದೆ.

ಕಾಲು ನೋವಾದರೆ ಮಗುವನ್ನು ನಡೆಸಿ ನೋಡಿ

ಮೂರರಿಂದ ಹನ್ನೆರಡು ವರ್ಷದ ಮಕ್ಕಳಲ್ಲಿ ‘ಬೆಳೆಯೋ ನೋವು’ ಎಂಬುದು ಇದೆ. ಅಜ್ಜಿಯರು ಹೇಳುವುದು ಸುಳ್ಳಲ್ಲ. ಆದರೆ ಅದಕ್ಕೊಂದು ಲಕ್ಷಣ ಉಂಟು. ಎರಡೂ ಕಾಲಿಗೆ ಬರುತ್ತದೆ. ಮೀನಖಂಡ, ತೊಡೆಯಲ್ಲಿ ಬರುತ್ತದೆ, ಕೀಲಿನ ಒಳಗಲ್ಲ. ಸಂಜೆ ಅಥವಾ ರಾತ್ರಿ ಬರುತ್ತದೆ, ಬೆಳಿಗ್ಗೆ ಎದ್ದಾಗ ಇರುವುದಿಲ್ಲ. ಮಗು ಕುಂಟುವುದಿಲ್ಲ, ಬಾವು ಇರುವುದಿಲ್ಲ, ಜ್ವರ ಇರುವುದಿಲ್ಲ. ಎಣ್ಣೆ ಹಚ್ಚಿ ನೀವಿದರೆ ಸಮಾಧಾನವಾಗುತ್ತದೆ. ಅಜ್ಜಿಯ ಕೈಯೇ ಇದಕ್ಕೆ ಒಳ್ಳೆಯ ಮದ್ದು.

ಇದರಲ್ಲಿ ಒಂದು ತಪ್ಪಿದರೂ ಅದು ‘ಬೆಳೆಯೋ ನೋವು’ ಅಲ್ಲ ಎಂದು ತಿಳಿಯಬೇಕು. ಒಂದೇ ಕಾಲು, ಒಂದೇ ಜಾಗ, ಹಗಲಲ್ಲೂ ನೋವು, ಕುಂಟು, ಬಾವು, ಜ್ವರ, ತೂಕ ಇಳಿಯುವುದು, ಮೈ ಬಿಳಿಚುವುದು, ಇವುಗಳಲ್ಲಿ ಯಾವುದಿದ್ದರೂ ಡಾಕ್ಟರಿಗೆ ತೋರಿಸಿ.

ಜ್ವರ ಇದ್ದು, ಮಗು ಒಂದು ಕಾಲನ್ನು ನೆಲಕ್ಕೆ ಊರಲೇ ಒಪ್ಪದಿದ್ದರೆ ಅದು ಕೀಲಿನೊಳಗೆ ಕೀವು ತುಂಬಿದ ಲಕ್ಷಣವಿರಬಹುದು. ಅಂದೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ನೀವುವುದು, ಕಟ್ಟು ಹಾಕಿಸುವುದು ಮಾಡಿದರೆ ಕೀಲು ಬದುಕಿನುದ್ದಕ್ಕೂ ಹಾಳಾಗುತ್ತದೆ.

ಮಂಡಿ ನೋವು ಎಂದು ಬಂದ ಮಗುವಿನ ಸೊಂಟದ ಕೀಲನ್ನೂ ನೋಡಬೇಕು. ಸೊಂಟದ ಕೀಲು ಕೆಟ್ಟರೆ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳುವುದುಂಟು. ಮಂಡಿಗೆ ಮಾತ್ರ ಎಕ್ಸ್‌ರೇ ತೆಗೆಸಿ ‘ಏನೂ ಇಲ್ಲ’ ಎಂದು ಕಳಿಸಿದರೆ ಕಾಯಿಲೆ ಮೇಲೆಯೇ ಉಳಿಯುತ್ತದೆ.

ಬೆಳಿಗ್ಗೆ ಎದ್ದ ಕೂಡಲೇ ಕೈಕಾಲು ಬಿಗಿಯಾಗಿದ್ದು, ಹೊತ್ತೇರಿದಂತೆ ಸಡಿಲವಾಗುವುದು, ಒಂದು ಕೀಲು ಆರು ವಾರವಾದರೂ ಬಾತೇ ಇರುವುದು ಮಕ್ಕಳ ಸಂಧಿವಾತದ ಗುರುತು. ‘ವಾತ ಮುದುಕರಿಗೆ ಬರೋದು’ ಎಂಬ ಮಾತು ಇಲ್ಲಿ ಸಲ್ಲದು. ಇದು ಪುಟ್ಟ ಮಕ್ಕಳಿಗೂ ಬರುತ್ತದೆ. ಬೇಗ ಗುರುತಿಸಿದರೆ ಇದಕ್ಕೆ ಒಳ್ಳೆಯ ಔಷಧಿಗಳಿವೆ.

ಗಂಟಲು ನೋವು ಬಂದು ಎರಡು-ಮೂರು ವಾರವಾದ ಮೇಲೆ ಮೊದಲು ಮಂಡಿ, ಆಮೇಲೆ ಹಿಮ್ಮಡಿಗಂಟು, ಆಮೇಲೆ ಮೊಣಕೈ ಎಂದು ನೋವು ಜಾಗ ಬದಲಿಸುತ್ತಾ ಹೋದರೆ ಅದು ವಾತಜ್ವರ ಇರಬಹುದು. ಐದರಿಂದ ಹದಿನೈದು ವರ್ಷದವರಲ್ಲಿ ಇದು ಹೆಚ್ಚು. ಕೀಲುನೋವು ತಾನಾಗಿಯೇ ವಾಸಿಯಾಗುತ್ತದೆ, ಮನೆಯವರು ಮರೆಯುತ್ತಾರೆ. ಆದರೆ ಹೃದಯದ ಕವಾಟಕ್ಕೆ ಆದ ಗಾಯ ಉಳಿದುಬಿಡುತ್ತದೆ. ಮುಂದೆ ಮದುವೆಯಾಗಿ ಬಸುರಾದಾಗ ಏದುಸಿರು ಬಂದು ಆಸ್ಪತ್ರೆ ಸೇರುವ ಹೆಣ್ಣುಮಕ್ಕಳಲ್ಲಿ ಕೆಲವರ ಕಥೆ ಶುರುವಾಗಿರುವುದು ಬಾಲ್ಯದ ಆ ಮಂಡಿನೋವಿನಿಂದ. ಹೊತ್ತಿಗೆ ಗುರುತಿಸಿದರೆ ಮೂರು-ನಾಲ್ಕು ವಾರಕ್ಕೊಮ್ಮೆ ಕೊಡುವ ಪೆನಿಸಿಲಿನ್ ಇಂಜೆಕ್ಷನ್ ಕಾಯಿಲೆ ಮರುಕಳಿಸದಂತೆ ಕಾಯುತ್ತದೆ.

ಮನೆಯವರ ಬಗ್ಗೆ, ಊರಿನ ನೀರಿನ ಬಗ್ಗೆಯೂ ಕೇಳಬೇಕು

‘ಮನೆಯಲ್ಲಿ ಬೇರೆಯವರಿಗೂ ಹೀಗಿದೆಯಾ’ ಎಂಬ ಪ್ರಶ್ನೆ ಕರ್ನಾಟಕದಲ್ಲಿ ಬಹಳ ಮುಖ್ಯ. ಚಾಮರಾಜನಗರ, ಮೈಸೂರು, ಕೊಡಗಿನ ಆದಿವಾಸಿ ಹಾಡಿಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ಇದೆ. ಅದು ತಂದೆತಾಯಿಯಿಂದ ಮಕ್ಕಳಿಗೆ ಬರುತ್ತದೆ, ಮೂಳೆಯಲ್ಲಿ ತಡೆಯಲಾರದ ನೋವು ತರುತ್ತದೆ. 1970ರ ದಶಕದಲ್ಲಿ ಶಿವಮೊಗ್ಗ ಜಿಲ್ಲೆ ಸಾಗರ ತಾಲೂಕಿನ ಹಂದಿಗೋಡಿನಲ್ಲಿ ಸೊಂಟ, ಮಂಡಿ ಹಿಡಿದುಕೊಂಡು ಜನ ಕೋಲೂರಿ ನಡೆಯತೊಡಗಿದಾಗ ಮೊದಲು ಗದ್ದೆಗೆ ಹೊಡೆದ ಔಷಧಿ, ಅಲ್ಲಿನ ಏಡಿ ತಿಂದದ್ದು ಕಾರಣವಿರಬಹುದು ಎಂಬ ಅನುಮಾನ ಇತ್ತು. ಮುಂದೆ ಅದು ಮನೆತನದಲ್ಲಿ ಹರಿದುಬರುವ ಮೂಳೆಕೀಲಿನ ಕಾಯಿಲೆ ಎಂದು ತಿಳಿಯಿತು. ಮನೆಮನೆಯ ವಂಶಾವಳಿ ಬರೆದು ನೋಡಿದಾಗಲೇ ಇಂಥ ಸತ್ಯ ಹೊರಬರುವುದು.

ನೀರಿನ ಪ್ರಶ್ನೆಯೂ ಹಾಗೆಯೇ. ಪಾವಗಡದಂಥ ಬಯಲುಸೀಮೆಯ ತಾಲೂಕುಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲ. ಹಲ್ಲಿನ ಮೇಲೆ ಕಂದು ಪಟ್ಟೆ, ಮಂಡಿ ಬಾಗಿದ ಕಾಲು, ಬೆನ್ನು ಬಿಗಿತ ಒಟ್ಟಿಗೇ ಕಂಡರೆ ನೋವಿನ ಮಾತ್ರೆ ಏನೂ ಮಾಡದು. ಮಗು ಯಾವ ನೀರು ಕುಡಿಯುತ್ತಿದೆ ಎಂದು ನೋಡಬೇಕು. ಆಗ ಔಷಧಿ ಚೀಟಿ ಬರೆಯಬೇಕಾದವರು ಡಾಕ್ಟರ್ ಮಾತ್ರವಲ್ಲ, ಗ್ರಾಮ ಪಂಚಾಯ್ತಿಯೂ ಹೌದು.

ಬೆನ್ನುನೋವಿಗೆ ಶಾಲೆಯ ಬ್ಯಾಗನ್ನು ದೂರುತ್ತೇವೆ. ದೂರುವುದರಲ್ಲಿ ತಪ್ಪಿಲ್ಲ. 2019ರಲ್ಲಿ ರಾಜ್ಯ ಸರ್ಕಾರವೇ ಮಿತಿ ಹಾಕಿದೆ. 1-2ನೇ ತರಗತಿಗೆ 2 ಕೆ.ಜಿ., 3ರಿಂದ 5ಕ್ಕೆ 3 ಕೆ.ಜಿ., 6ರಿಂದ 8ಕ್ಕೆ 4 ಕೆ.ಜಿ., 9-10ಕ್ಕೆ 5 ಕೆ.ಜಿ. ದಾಟಬಾರದು. ರೇಷನ್ ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿ. ಆದರೆ ಬ್ಯಾಗಿನ ಜೊತೆಗೆ ಆ ಬೆನ್ನು ಇನ್ನೇನು ಹೊರುತ್ತದೆ ಎಂಬುದನ್ನೂ ನೋಡಬೇಕು. ಬೆಳಿಗ್ಗೆ ನಾಲ್ಕು ಬಿಂದಿಗೆ ನೀರು, ಸಂಜೆ ಹುಲ್ಲಿನ ಹೊರೆ, ಸುಗ್ಗಿಯಲ್ಲಿ ಹತ್ತಿ ಬಿಡಿಸಲು ಬಾಗಿದ ಸೊಂಟ, ಇವು ಯಾವ ಸುತ್ತೋಲೆಯಲ್ಲೂ ಇಲ್ಲ. ರಾತ್ರಿಯೂ ಬಿಡದ ಬೆನ್ನುನೋವು, ಜ್ವರ, ತೂಕ ಇಳಿಕೆ ಇದ್ದರೆ ಬೆನ್ನುಮೂಳೆಯ ಟಿಬಿ ಇರಬಹುದೇ ಎಂದೂ ಪರೀಕ್ಷಿಸಬೇಕು.

ಶಾಲೆ ದಿನ ಮಾತ್ರ ಬರುವ ನೋವು ಸುಳ್ಳಲ್ಲ

ಸೋಮವಾರ ಬರುತ್ತದೆ, ಭಾನುವಾರ ಇರುವುದಿಲ್ಲ. ಇದನ್ನೇ ನಾವು ‘ಕಳ್ಳಾಟ’ ಅನ್ನುವುದು. ನಾವು ಹೇಳುವುದೇನೆಂದರೆ, ಹಾಗೆ ಬರುವ ನೋವು ಒಂದು ಸುದ್ದಿ ತಂದಿರುತ್ತದೆ. ಬೆಳಿಗ್ಗೆ ಏಳೂವರೆ ಬಸ್ಸಿಗೆ ಬರಿ ಹೊಟ್ಟೆಯಲ್ಲಿ ಓಡಿದ ಹುಡುಗನಿಗೆ ಹನ್ನೊಂದಕ್ಕೆ ತಲೆ ನೋಯುತ್ತದೆ. ಶಾಲೆಯ ಶೌಚಾಲಯಕ್ಕೆ ಚಿಲಕ ಇಲ್ಲ, ನೀರಿಲ್ಲ ಎಂದು ದಿನವಿಡೀ ಒಂದು ಗುಟುಕು ನೀರೂ ಕುಡಿಯದ ಹುಡುಗಿಗೆ ಮಧ್ಯಾಹ್ನ ತಲೆ ಸಿಡಿಯುತ್ತದೆ. ಆ ತಲೆನೋವಿಗೆ ಮದ್ದು ಮಾತ್ರೆಯಲ್ಲ, ಒಂದು ಚಿಲಕ.

ಇನ್ನು ಕೆಲವು ನೋವಿನ ಹಿಂದೆ ಕೋಲು ಹಿಡಿದ ಮೇಷ್ಟ್ರು, ಅಣಕಿಸುವ ಸಹಪಾಠಿಗಳು, ಓದಲು ಬಾರದ ಸಂಕಟ, ಎಸ್ಸೆಸ್ಸೆಲ್ಸಿಯ ಭಯ, ಕುಡಿದು ಬರುವ ಅಪ್ಪ, ಮೈ ಮುಟ್ಟುವ ಯಾರೋ ಇರಬಹುದು. ಹದಿಹರೆಯದವರನ್ನು ಮನೆಯವರ ಮುಂದೆ ಕೇಳಿದರೆ ಇದು ಹೊರಬರುವುದಿಲ್ಲ. ಡಾಕ್ಟರ್ ಆಗಲಿ ನರ್ಸ್ ಆಗಲಿ ಐದು ನಿಮಿಷ ಒಂಟಿಯಾಗಿ ಮಾತಾಡಿಸಬೇಕು. ಮನಸ್ಸಿನಿಂದ ಬಂದ ನೋವೂ ನೋವೇ. ಮಕ್ಕಳ ಸಹಾಯವಾಣಿ 1098, ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ 14416. ಎರಡೂ ಉಚಿತ. ಮೊಬೈಲಿನಲ್ಲಿ ಸೇವ್ ಮಾಡಿಡಿ.

ಸೂಜಿಯಿಂದ ನೋವು ಅಡಗುತ್ತದೆ, ಕಾಯಿಲೆಯೂ ಅಡಗುತ್ತದೆ

ಸೂಜಿ ಹಾಕಿಸಿದರೆ ಬೇಗ ಗುಣ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ನೋವು ಅಡಗುತ್ತದೆ, ನಿಜ. ವಾತಜ್ವರದಲ್ಲಿ ಮೊದಲೇ ನೋವಿನ ಔಷಧಿ ಕೊಟ್ಟರೆ ಜಾಗ ಬದಲಿಸುವ ಆ ಗುರುತು ಅಳಿಸಿಹೋಗುತ್ತದೆ. ರಕ್ತದ ಕ್ಯಾನ್ಸರ್ ಕೆಲವು ಮಕ್ಕಳಲ್ಲಿ ಮೂಳೆನೋವಾಗಿಯೇ ಮೊದಲು ತಲೆದೋರುತ್ತದೆ. ಅಂಥ ಮಗುವಿಗೆ ಪರೀಕ್ಷೆಗೆ ಮುಂಚೆ ಸ್ಟಿರಾಯ್ಡ್ ಕೊಟ್ಟರೆ ಕೆಲವು ದಿನ ಗುಣವಾದಂತೆ ಕಂಡು, ಕಾಯಿಲೆ ಗುರುತಿಸುವುದೇ ಕಷ್ಟವಾಗುತ್ತದೆ. ಆದ್ದರಿಂದ ಯಾರೇ ಸೂಜಿ ಹಿಡಿದರೂ ‘ಇದು ಯಾವ ಔಷಧಿ, ಯಾಕೆ’ ಎಂದು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಕೇಳುವುದು ಅಗೌರವವಲ್ಲ.

ದೊಡ್ಡವರ ಮಾತ್ರೆಯನ್ನು ಅರ್ಧ ಮುರಿದು ಮಕ್ಕಳಿಗೆ ಕೊಡಬೇಡಿ. ಡಾಕ್ಟರ್ ಹೇಳದೆ ಮಕ್ಕಳಿಗೆ ಆಸ್ಪಿರಿನ್ ಬೇಡವೇ ಬೇಡ. ತಿಂಗಳಲ್ಲಿ 15 ದಿನ ಅಥವಾ ಇನ್ನೂ ಹೆಚ್ಚು ನೋವಿನ ಮಾತ್ರೆ ನುಂಗುತ್ತಾ ಹೋದರೆ ಕೆಲವು ತಿಂಗಳಲ್ಲಿ ಆ ಮಾತ್ರೆಯೇ ತಲೆನೋವು ತರತೊಡಗುತ್ತದೆ.

ನಾವು ಕೇಳುವುದು ಇಷ್ಟೇ

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ತಾಲೂಕಿನ ಆರೋಗ್ಯ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಸಲ ಬರಬೇಕು. ಹುಟ್ಟಿನಿಂದ 18 ವರ್ಷದವರೆಗೆ 30 ಬಗೆಯ ತೊಂದರೆಗಳನ್ನು ಹುಡುಕುವ ಒಳ್ಳೆಯ ಯೋಜನೆ ಇದು. ಆ ಪಟ್ಟಿಯಲ್ಲಿ ದೃಷ್ಟಿದೋಷ ಇದೆ, ರಿಕೆಟ್ಸ್ ಇದೆ, ಫಿಟ್ಸ್ ಇದೆ, ವಾತಜ್ವರದಿಂದ ಬರುವ ಹೃದ್ರೋಗವೂ ಇದೆ. ತಲೆನೋವು, ಕೀಲುನೋವು ಎಂಬುದಕ್ಕೆ ಪ್ರತ್ಯೇಕ ಜಾಗ ಇಲ್ಲ. ತೂಕ ನೋಡಿ, ಎತ್ತರ ನೋಡಿ, ಹಲ್ಲು ನೋಡಿ ‘ಮುಂದಿನವರು ಬನ್ನಿ’ ಎಂದರೆ ಹೃದಯ ಕೆಡುವ ಮೊದಲಿನ ಆ ಮಂಡಿನೋವು ತಪ್ಪಿಹೋಗುತ್ತದೆ.

ಮಕ್ಕಳ ಕೀಲು, ಸ್ನಾಯುಗಳ ತಪಾಸಣೆಗೆ ಬ್ರಿಟನ್ನಿನಲ್ಲಿ ರೂಪಿಸಿದ ‘ಪಿ-ಗಾಲ್ಸ್’ ಎಂಬ ಸರಳ ವಿಧಾನ ಇದೆ. ಅದರ ಮೊದಲ ಹೆಜ್ಜೆ ಮೂರು ಪ್ರಶ್ನೆ. ಕೀಲು, ಸ್ನಾಯು, ಬೆನ್ನಿನಲ್ಲಿ ನೋವು ಅಥವಾ ಬಿಗಿತ ಇದೆಯಾ? ಬೇರೆಯವರ ಸಹಾಯ ಇಲ್ಲದೆ ಬಟ್ಟೆ ಹಾಕಿಕೊಳ್ಳಲು ಕಷ್ಟವಾ? ಮೆಟ್ಟಿಲು ಹತ್ತಿ ಇಳಿಯಲು ಕಷ್ಟವಾ? ಆಮೇಲೆ ಮಗುವನ್ನು ನಡೆಸುವುದು, ಕೈ ಎತ್ತಿಸುವುದು, ಬಗ್ಗಿಸುವುದು. ಎಲ್ಲ ಸೇರಿ ಎರಡು-ಮೂರು ನಿಮಿಷದ ಕೆಲಸ. ಇದಕ್ಕೆ ‘ಪದೇ ಪದೇ ತಲೆ ನೋಯುತ್ತಾ’ ಎಂಬ ನಾಲ್ಕನೇ ಪ್ರಶ್ನೆ ಸೇರಿಸಿ ಶಾಲಾ ತಪಾಸಣೆಯ ಫಾರಂನಲ್ಲಿ ಅಚ್ಚು ಹಾಕಲು ಸರ್ಕಾರಕ್ಕೆ ಕಾಸು ಖರ್ಚಾಗುವುದಿಲ್ಲ.

‘ಪಿಎಚ್‌ಸಿಯಲ್ಲಿ ನೂರು ಜನ ಸಾಲಲ್ಲಿ ನಿಂತಿರುತ್ತಾರೆ, ಒಬ್ಬರೇ ಡಾಕ್ಟರ್, ಇದಕ್ಕೆಲ್ಲ ಪುರುಸೊತ್ತು ಎಲ್ಲಿ’ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೇ ನಾಲ್ಕು ಪ್ರಶ್ನೆ ಶಾಲೆಯಲ್ಲಿ, ಮನೆಯಲ್ಲಿ ಮೊದಲೇ ಆಗಿರಲಿ ಎನ್ನುತ್ತೇವೆ. ಆಗ ಡಾಕ್ಟರ ಮುಂದೆ ಬರುವ ಮಕ್ಕಳು ಕಡಿಮೆಯಾಗುತ್ತಾರೆ, ನಿಜವಾಗಿ ಬರಬೇಕಾದವರು ಬರುತ್ತಾರೆ. ಬಂದ ಮಗುವಿಗೆ ಬಿಪಿ ನೋಡುವುದು, ಕಣ್ಣಿನೊಳಗೆ ಬೆಳಕು ಬಿಟ್ಟು ನೋಡುವುದು, ನಡೆಸಿ ನೋಡುವುದು ಆಗಬೇಕು. ನಿಮ್ಮ ಪಿಎಚ್‌ಸಿಯಲ್ಲಿ ಮಕ್ಕಳ ತೋಳಿಗೆ ಸರಿಹೊಂದುವ ಬಿಪಿ ಪಟ್ಟಿ ಇದೆಯೇ ಎಂದು ಕೇಳಿ. ದೊಡ್ಡವರ ಪಟ್ಟಿಯಲ್ಲಿ ಮಗುವಿನ ಬಿಪಿ ಸರಿಯಾಗಿ ಸಿಗುವುದಿಲ್ಲ.

ಇನ್ನು ಕೆಲವರು ‘ಹೀಗೆ ಕೇಳುತ್ತಾ ಹೋದರೆ ಮಕ್ಕಳು ಇಲ್ಲದ ನೋವನ್ನೂ ಹೇಳುತ್ತಾರೆ’ ಅನ್ನುತ್ತಾರೆ. ಹೇಳಲಿ. ಕೇಳಿಸಿಕೊಂಡ ಮೇಲೆ ‘ಇದು ಅಪಾಯದ್ದಲ್ಲ, ಊಟ ಮಾಡಿ ಶಾಲೆಗೆ ಹೋಗು’ ಎಂದರೆ ಮಗು ಹೋಗುತ್ತದೆ. ಕೇಳಿಸಿಕೊಳ್ಳದೆ ಅಂದರೆ ಹೋಗುವುದೂ ಇಲ್ಲ, ಮುಂದಿನ ಸಲ ಹೇಳುವುದೂ ಇಲ್ಲ.

ನಮ್ಮ ರಾಜ್ಯದ ಗ್ರಾಮ ಪಂಚಾಯ್ತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯಬೇಕು. ಆಟದ ಮೈದಾನ, ಕಾಂಪೌಂಡ್ ಎಂದು ಮಕ್ಕಳು ಚೀಟಿ ಓದುತ್ತಾರೆ. ಈ ಸಲ ಆ ಸಭೆಯಲ್ಲಿ, ಎಸ್‌ಡಿಎಂಸಿ ಮೀಟಿಂಗಿನಲ್ಲಿ ಮೂರು ವಿಷಯ ಎತ್ತಿ. ಕಳೆದ ಸಲ ಆರೋಗ್ಯ ತಂಡ ನಮ್ಮ ಶಾಲೆಗೆ ಯಾವ ದಿನ ಬಂದಿತ್ತು? ದೊಡ್ಡಾಸ್ಪತ್ರೆಗೆ ಬರೆದುಕೊಟ್ಟ ಮಕ್ಕಳಲ್ಲಿ ಎಷ್ಟು ಜನ ಹೋಗಿ ಬಂದರು? ಹೆಣ್ಣುಮಕ್ಕಳ ಶೌಚಾಲಯದ ಚಿಲಕ ಸರಿಯಿದೆಯಾ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಫೋಟೋ ತೆಗೆದು ನಮಗೂ ಕಳಿಸಿ.